ಹತ್ತೊಂಬತ್ತು ವರ್ಷ ಒಂದು ತಿಂಗಳು

ಇಬ್ಬರು ಹುಡುಗರನ್ನೂ ಒಂದೇ ಜೀಪಿನಲ್ಲಿ ಕರೆತಂದಿದ್ದರು. ಒಂದೇ ಶಾಲೆ, ಒಂದೇ ತರಗತಿ, ಒಂದೇ ಮೊಕದ್ದಮೆ. 2034ರ ನವೆಂಬರ್ ತಿಂಗಳ ಒಂದು ಬೆಳಿಗ್ಗೆ ಅದು. ಅವರ ವಯಸ್ಸೆಷ್ಟು ಎಂದು ಹೇಳುವುದು ನನ್ನ ಕೆಲಸವಾಗಿತ್ತು.

ನನ್ನ ಹೆಸರು ಇಂದುಮತಿ ಮಮದಾಪುರ. ಧಾರವಾಡದ ವಯೋನಿರ್ಣಯ ಕೇಂದ್ರದಲ್ಲಿ ಆಗ ನಾನು ಹಿರಿಯ ವಿಜ್ಞಾನಿ. ಅಲ್ಲಿದ್ದ ಯಂತ್ರಕ್ಕೆ ವಯೋಲೇಖಿ ಎಂದು ಹೆಸರು. ಹೊಲಿಗೆ ಯಂತ್ರದಷ್ಟು ದೊಡ್ಡದು. ಅದರ ತಟ್ಟೆಯ ಮೇಲೆ ಎಡಗೈ ಇಡಬೇಕು. ಕಿವಿಗೆ ಕೇಳದ ಧ್ವನಿತರಂಗವೊಂದು ಮಣಿಕಟ್ಟಿನೊಳಗೆ ಹಾದುಹೋಗುತ್ತದೆ. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಮೆದುವಾದ ಪದರವೊಂದಿರುತ್ತದೆ. ವಯಸ್ಸಾದಂತೆ ಅದು ತೆಳುವಾಗುತ್ತ ಹೋಗಿ ಕೊನೆಗೆ ಗಟ್ಟಿ ಮೂಳೆಯಾಗಿ ಬೆಸೆದುಕೊಳ್ಳುತ್ತದೆ. ವಯೋಲೇಖಿ ಆ ಪದರವನ್ನು ಅಳೆದು, ತನ್ನ ನೆನಪಿನಲ್ಲಿರುವ ನಾಲ್ಕು ಲಕ್ಷ ಕೈಗಳ ಪೈಕಿ ಈ ಕೈಯನ್ನು ಹೋಲುವಂಥವನ್ನು ಹುಡುಕಿ, ಮೂರು ನಿಮಿಷದಲ್ಲಿ ವಯಸ್ಸನ್ನು ವರ್ಷ ತಿಂಗಳ ಸಮೇತ ತೋರಿಸುತ್ತಿತ್ತು.

ಸುಳ್ಳು ಜನನಪತ್ರಗಳ ದೊಡ್ಡ ಹಗರಣವಾದ ಮೇಲೆ ಕಾಯ್ದೆಯೇ ಬದಲಾಗಿತ್ತು. ಆರೋಪಿ ಹದಿನೆಂಟರ ಒಳಗಿನವನೋ ಹೊರಗಿನವನೋ ಎಂಬುದಕ್ಕೆ ಕಾಗದ ಪತ್ರ ಯಾವುದೂ ನಡೆಯುವುದಿಲ್ಲ, ವಯೋಲೇಖಿಯ ಅಂಕಿಯೇ ಅಂತಿಮ. ಹದಿನೆಂಟರ ಒಳಗಾದರೆ ಬಾಲನ್ಯಾಯ ಮಂಡಳಿ, ದಾಟಿದ್ದರೆ ದೊಡ್ಡವರ ಕೋರ್ಟು, ದೊಡ್ಡವರ ಜೈಲು. ಸರಕಾರದ ಜಾಹೀರಾತಿನಲ್ಲಿ ಒಂದು ಸಾಲಿತ್ತು: ‘ಯಂತ್ರಕ್ಕೆ ಚರ್ಮ ಕಾಣುವುದಿಲ್ಲ, ಮೂಳೆ ಮಾತ್ರ ಕಾಣುತ್ತದೆ.’ ಆ ಸಾಲನ್ನು ಬರೆದುಕೊಟ್ಟವಳು ನಾನೇ.

ಮೊದಲು ಬಂದವನ ಹೆಸರು ವಿನಾಯಕ. ಕೆಂಪಗೆ, ತೆಳ್ಳಗೆ ಇದ್ದ, ಅತ್ತು ಅತ್ತು ಮುಖ ಊದಿತ್ತು. ಅವನ ತಂದೆ ರಸ್ತೆ ಗುತ್ತಿಗೆದಾರ, ಹೊರಗೆ ಕಾರಿನಲ್ಲಿ ವಕೀಲರ ಜೊತೆ ಕೂತಿದ್ದರು. ಎರಡನೆಯವನು ಕೈತಾನ್ ಸಿದ್ದಿ. ಹಳಿಯಾಳದ ಕಡೆಯ ಸಿದ್ದಿಗಳ ಹುಡುಗ. ನೂರಾರು ವರ್ಷಗಳ ಹಿಂದೆ ಆಫ್ರಿಕದಿಂದ ಹಡಗಿನಲ್ಲಿ ತಂದು ಗೋವೆಯಲ್ಲಿ ಮಾರಿದವರ, ಅಲ್ಲಿಂದ ತಪ್ಪಿಸಿಕೊಂಡು ನಮ್ಮ ಕಾಡು ಸೇರಿದವರ ಸಂತತಿ ಅದು. ವಿನಾಯಕನಿಗಿಂತ ಒಂದು ಗೇಣು ಎತ್ತರ, ಅಗಲ ಭುಜ, ಗುಂಗುರು ಕೂದಲು. ಶಾಲೆಯ ನೀಲಿ ಅಂಗಿಯ ತೋಳು ಮಣಿಕಟ್ಟಿಗಿಂತ ನಾಲ್ಕು ಬೆರಳು ಮೇಲಕ್ಕೆ ನಿಂತಿತ್ತು.

ನಡೆದದ್ದು ಇಷ್ಟು. ಶನಿವಾರ ಮಧ್ಯಾಹ್ನ ಇಬ್ಬರೂ ಟ್ಯೂಷನ್ ಮಾಸ್ತರರ ಬೈಕನ್ನು ಕೇಳದೆ ಎತ್ತಿಕೊಂಡು ಬೈಪಾಸ್ ಕಡೆ ಹೋಗಿದ್ದರು. ಸೈಕಲ್ ಮೇಲೆ ಹೂ ಮಾರುತ್ತಿದ್ದ ಮುದುಕನೊಬ್ಬನಿಗೆ ಬೈಕು ಬಡಿಯಿತು. ಮುದುಕ ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಬೈಕ್ ಓಡಿಸುತ್ತಿದ್ದವನು ವಿನಾಯಕ ಎಂದು ಆ ದಿನ ಇಬ್ಬರೂ ಹೇಳಿದ್ದರು. ಜೀಪಿನ ಜೊತೆ ಬಂದ ಕಾಗದದಲ್ಲಿ ಹಾಗೆಯೇ ಬರೆದಿತ್ತು, ನಾನೇ ಓದಿದ್ದೇನೆ.

ವಿನಾಯಕ ಕೈ ಇಟ್ಟ. ಪರದೆಯ ಮೇಲೆ ಬಂತು: ಹದಿನೈದು ವರ್ಷ ನಾಲ್ಕು ತಿಂಗಳು.

ಕೈತಾನ್ ತಟ್ಟೆಯನ್ನು ನೋಡಿ, “ಇದು ಚುಚ್ಚತೈತೇನ್ರಿ?” ಎಂದು ಕೇಳಿದ.

“ಇಲ್ಲಪಾ, ಏನೂ ಆಗೂದಿಲ್ಲ. ಸುಮ್ನ ಕೈ ಇಡು.”

ಇಟ್ಟ. ಮೂರು ನಿಮಿಷ ಅಲುಗಾಡದೆ ನಿಂತ. ಹತ್ತೊಂಬತ್ತು ವರ್ಷ ಒಂದು ತಿಂಗಳು.

ಹುಡುಗ ಪರದೆಯನ್ನು ಓದಿದ, ನನ್ನ ಮುಖ ನೋಡಿದ. “ಮೇಡಮ್ಮಾರ, ತಪ್ಪಾಗೇತ್ರಿ. ನಾವಿಬ್ಬರೂ ಒಂದ ಬೆಂಚಿನ್ಯಾಗ ಕುಂದರ್ತೇವಿ. ಒಂಬತ್ತನೇ ಕ್ಲಾಸರಿ.”

“ಎಷ್ಟ ಸಲ ನಪಾಸಾಗಿಯೋ?” ಎಂದ ಜೊತೆಗಿದ್ದ ಪೇದೆ. ನನ್ನ ಕಡೆ ತಿರುಗಿ, “ನೋಡಿದ್ರ ಗೊತ್ತಾಗೂದಿಲ್ಲೇನ್ರಿ? ಹುಡುಗನ ಮೈಯೇನ್ರಿ ಇದು?” ಎಂದ.

ನಾನು ಮತ್ತೊಮ್ಮೆ ಅಳೆದೆ. ಅದೇ ಅಂಕಿ. ಯಂತ್ರ ಎರಡು ಸಲ ಒಂದೇ ಉತ್ತರ ಕೊಟ್ಟರೆ ಅದನ್ನು ನಿಖರತೆ ಎನ್ನುತ್ತೇವೆ. ವರದಿ ಕಳಿಸಿ, ಆಚೆ ಹೋಗಿ ಚಹಾ ಕುಡಿದೆ.

ಆ ಸಂಜೆ ಊಟಕ್ಕೆ ಕೂತಾಗ ಮನೆಯಲ್ಲಿ ಈ ಮಾತು ಬಂತು. ನನ್ನ ಮಗಳು ಮೈಥಿಲಿಗೂ ಆಗ ಹದಿನೈದು. ನನ್ನ ಗಂಡ ಚಿದಂಬರ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕ.

“ಲೈಸನ್ಸ್ ಇಲ್ದ ಗಾಡಿ ಹೊಡದ್ರ ಏನಾಗತೈತಿ ನೋಡು,” ಎಂದೆ ಮಗಳಿಗೆ.

ಅವಳು ನಕ್ಕಳು. “ಹೋದ ವಾರ ನನ್ನೂ ಹಿಡಿದಿದ್ರಮ್ಮ, ಸ್ಕೂಟಿ ಮ್ಯಾಲೆ. ಹೇಳಿರಲಿಲ್ಲ ಅಷ್ಟ. ಯಾವ ಶಾಲಿ, ಅಪ್ಪ ಏನ ಮಾಡ್ತಾರ ಅಂತ ಕೇಳಿ, ಇನ್ನೊಮ್ಮೆ ಸಿಕ್ಕರ ಅಪ್ಪಗ ಫೋನ್ ಹಚ್ತೀನಿ ಅಂದು ಬಿಟ್ರು.”

ಚಿದಂಬರ ಅವಳನ್ನು ಬೈದ. ನಾನೂ ಬೈದೆ. ಆಮೇಲೆ ಮೂವರೂ ಮೊಸರನ್ನ ತಿಂದು ಎದ್ದೆವು. ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ.

ಹದಿನೈದು ದಿನದ ಮೇಲೆ ಕೇಂದ್ರದ ಬಾಗಿಲಿಗೆ ಹೆಂಗಸೊಬ್ಬಳು ಬಂದಳು, ಜೊತೆಗೊಂದು ಹುಡುಗಿ. ಕಾವಲುಗಾರ ಒಳಗೆ ಬಿಟ್ಟಿರಲಿಲ್ಲ. ಮೂರು ದಿನ ಗೇಟಿನ ಹೊರಗೆ ಕೂತಿದ್ದಳಂತೆ. ನಾಲ್ಕನೆಯ ದಿನ ನಾನು ಒಳಗೆ ಬರುವಾಗ ಎದ್ದು ಅಡ್ಡ ನಿಂತಳು.

“ನಾ ಕೈತಾನನ ಅವ್ವರಿ. ಮರ್ಸೆಲಿನ್. ನರ್ಸಿಂಗ್ ಹಾಸ್ಟೆಲ್ಲಿನ್ಯಾಗ ಅಡಗಿ ಮಾಡ್ತೀನಿ. ನಿಮ್ಮ ಹಂತ್ಯಾಕ ಐದು ನಿಮಿಷ ಮಾತಾಡೂದೈತಿ.”

ಕೋಣೆಗೆ ಕರೆದು ಕೂರಿಸಿದೆ. ಇಂಥ ತಾಯಂದಿರು ಬರುತ್ತಿದ್ದರು. ಅಳುತ್ತಿದ್ದರು, ಕಾಲು ಹಿಡಿಯುತ್ತಿದ್ದರು. ಮರ್ಸೆಲಿನ್ ಅಳಲಿಲ್ಲ.

“ನನಗ ಮೂವತ್ತೆರಡು ವರ್ಷರಿ ಅಕ್ಕಾರ. ನಿಮ್ಮ ಮಶಿನ್ ನನ್ನ ಮಗಂಗ ಹತ್ತೊಂಬತ್ತು ಅಂತೈತಿ. ಹಂಗಾರ ನಾ ಹದಿಮೂರಕ್ಕ ಹಡದಂಗಾತು. ನನ್ನ ಲಗ್ನ ಆಗಿದ್ದ ಹದಿನಾರಕ್ಕ.”

“ಕಾಗದ ಏನರ ಐತೇನವಾ?”

“2019ರ ನೆರಿಯಾಗ ಹುಟ್ಟಿದವರಿ ಅವ. ಗುಡಸಲಾ ಹರಕೊಂಡು ಹೋತು, ನಮ್ಮನ್ನ ಶಾಲಿಯೊಳಗ ಇಟ್ಟಿದ್ರು, ಅಲ್ಲೇ ಹಡದೆ. ಸೂಲಗಿತ್ತಿ ಇದ್ಲು, ಈಗ ಆಕಿ ಇಲ್ಲ. ಆದ್ರ ಕಾಗದ ನಡಿಯೂದಿಲ್ಲ ಅಂತ ವಕೀಲರು ಹೇಳ್ಯಾರ. ಅದಕ್ಕ ನಾ ಕಾಗದ ತಂದಿಲ್ಲ.” ಪಕ್ಕದಲ್ಲಿದ್ದ ಹುಡುಗಿಯ ಭುಜ ಹಿಡಿದು ಮುಂದೆ ತಂದಳು. “ಇಕಿನ್ನ ತಂದೇನಿ. ಕೈತಾನನ ತಂಗಿ, ಲೂಸಿ. ಇಕಿ ದವಾಖಾನಿಯೊಳಗ ಹುಟ್ಟ್ಯಾಳ. ತಾರೀಖು, ವ್ಯಾಳ್ಯಾ ಎಲ್ಲಾ ಸರಕಾರದ ಕಂಪ್ಯೂಟರಿನ್ಯಾಗ ಐತಿ, ನೀವ ನೋಡಬಹುದು. ಮೊನ್ನಿ ಹತ್ತು ತುಂಬಿತು. ಇಕಿ ಕೈ ಇಟ್ಟು ನೋಡ್ರಿ. ಹತ್ತು ಅಂತ ಬಂದ್ರ ನಿಮ್ಮ ಮಶಿನ್ ಖರೇ ಐತಿ, ನನ್ನ ಲೆಕ್ಕ ತಪ್ಪೈತಿ, ನಾ ಇನ್ನೊಮ್ಮೆ ಬರೂದಿಲ್ಲ.”

ಇಪ್ಪತ್ತೊಂದು ವರ್ಷದ ನನ್ನ ನೌಕರಿಯಲ್ಲಿ ಅಷ್ಟು ಸರಳವಾದ, ಅಷ್ಟು ಸರಿಯಾದ ಪ್ರಯೋಗವನ್ನು ಯಾರೂ ನನ್ನ ಮುಂದೆ ಇಟ್ಟಿರಲಿಲ್ಲ. ಅನುಮತಿ ಇಲ್ಲದೆ ಯಂತ್ರ ಬಳಸುವುದು ನಿಯಮಕ್ಕೆ ವಿರುದ್ಧ. ಆದರೂ ಆ ಮಗುವಿನ ಕೈಯನ್ನು ತಟ್ಟೆಯ ಮೇಲಿಟ್ಟೆ.

ಹನ್ನೆರಡು ವರ್ಷ ಎಂಟು ತಿಂಗಳು.

ಮರ್ಸೆಲಿನ್‌ಗೆ ಅಂಕಿ ಓದಲು ಬರುತ್ತಿತ್ತು. ನಾನು ಏನಾದರೂ ಹೇಳಲಿ ಎಂದು ಕಾದಳು. “ಒಂದು ವಾರ ಬಿಟ್ಟು ಬಾರವಾ,” ಎಂದಷ್ಟೇ ಹೇಳಿದೆ.

ಆ ವಾರವೆಲ್ಲ ನಾನು ಯಂತ್ರದ ನೆನಪನ್ನು ಬಗೆದೆ. ನಾಲ್ಕು ಲಕ್ಷ ಮೂವತ್ತು ಸಾವಿರ ಕೈಗಳು. ಎಂಟು ವರ್ಷಗಳ ಹಿಂದೆ ಆ ಸಂಗ್ರಹಕ್ಕೆ ಒಪ್ಪಿಗೆ ಕೊಟ್ಟ ಸಮಿತಿಯಲ್ಲಿ ನಾನಿದ್ದೆ. ಹೆಚ್ಚಿನವು ನಗರಗಳ ಆಸ್ಪತ್ರೆಯಿಂದ ಬಂದವು. ಸಿದ್ದಿಗಳ ಕೈಗಳು ಎಷ್ಟಿವೆ ಎಂದು ಹುಡುಕಿದೆ. ಹನ್ನೊಂದು.

ಹನ್ನೊಂದೂ ಜೈಲಿನಿಂದ ಬಂದಿದ್ದವು. ಆಸ್ಪತ್ರೆಯ ಕೈಗಳಿಗೆ ಜನನ ದಾಖಲೆಯ ವಯಸ್ಸಿತ್ತು. ಈ ಹನ್ನೊಂದಕ್ಕೆ ಬಂಧಿಸಿದ ದಿನ ಠಾಣೆಯಲ್ಲಿ ಬರೆದುಕೊಂಡ ವಯಸ್ಸು. ಇಪ್ಪತ್ತೆರಡು ಎಂದು ಬರೆದಿದ್ದ ಒಂದು ಕೈಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಮೂಳೆಯ ತುದಿಯ ಮೆದು ಪದರ ಇನ್ನೂ ದಪ್ಪಗಿತ್ತು, ಬೆಸೆಯುವುದು ಶುರುವೇ ಆಗಿರಲಿಲ್ಲ. ಅದು ಹದಿನಾರು ದಾಟದ ಹುಡುಗನ ಕೈ. ಪೊಲೀಸರು ಅವನನ್ನು ಕಣ್ಣಳತೆಯಲ್ಲಿ ನೋಡಿ ಇಪ್ಪತ್ತೆರಡು ಎಂದು ಬರೆದಿದ್ದರು. ಯಂತ್ರ ಅದನ್ನು ಪಾಠವೆಂದು ಕಲಿತಿತ್ತು.

ಯಂತ್ರಕ್ಕೆ ಚರ್ಮ ಕಾಣುತ್ತಿರಲಿಲ್ಲ, ನಿಜ. ಆದರೆ ಅದು ಬೆರಳ ಮೂಳೆಗಳ ಉದ್ದ, ಅಗಲದ ಪ್ರಮಾಣ ನೋಡಿ ಹೋಲುವ ಕೈಗಳನ್ನು ಹುಡುಕುತ್ತಿತ್ತು. ಕೈತಾನನ ಕೈ ಇಟ್ಟ ಕೂಡಲೇ ಅದು ಹುಡುಕುತ್ತ ಹೋಗಿ ಆ ಹನ್ನೊಂದು ಕೈಗಳ ಹತ್ತಿರ ನಿಲ್ಲುತ್ತಿತ್ತು. ಅಲ್ಲಿ ಮೆದು ಪದರ ಎಷ್ಟೇ ದಪ್ಪಗಿದ್ದರೂ ಅದಕ್ಕೆ ಸಿಗುತ್ತಿದ್ದ ಉತ್ತರ ದೊಡ್ಡವನೆಂದೇ. ಲೂಸಿಯಂಥ ಚಿಕ್ಕ ಮಕ್ಕಳನ್ನೂ ಅದೇ ಎಳೆತ ಮೇಲಕ್ಕೆ ಎಳೆಯುತ್ತಿತ್ತು.

ಸಮಿತಿಯ ಹಳೆಯ ಟಿಪ್ಪಣಿ ತೆಗೆದು ನೋಡಿದೆ. ‘ಕೆಲವು ಸಣ್ಣ ಸಮುದಾಯಗಳ ಮಾದರಿ ಕಡಿಮೆ ಇದೆ. ಒಟ್ಟು ಫಲಿತಾಂಶದ ಮೇಲೆ ಪರಿಣಾಮ ನಗಣ್ಯ.’ ನನ್ನ ಕೈಬರಹ.

ಕೇಂದ್ರದ ನಿರ್ದೇಶಕರು ಪಟ್ಟಣಶೆಟ್ಟಿ. ಕೆಟ್ಟವರಲ್ಲ, ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮನುಷ್ಯ. ನಾನು ಹೇಳಿದ್ದನ್ನೆಲ್ಲ ಕೇಳಿ, “ಒಂದು ಹುಡುಗಿ ಕೈ ಮ್ಯಾಲಿಂದ ಸಿದ್ಧಾಂತ ಮಾಡಬ್ಯಾಡ್ರಿ ಇಂದುಮತಿ,” ಎಂದರು.

“ಎಷ್ಟ ಕೈ ಆದ್ರ ಒಪ್ತೀರಿ ಸರ್?”

“ನೂರರ ಮ್ಯಾಲೆ ತರ್ರಿ, ನೋಡೂಣು.”

ನಾನು ತರಲಾರೆನೆಂದುಕೊಂಡೇ ಹಾಗೆ ಹೇಳಿದ್ದಿರಬೇಕು. ಕೇಂದ್ರದಲ್ಲಿ ಕೈಪೆಟ್ಟಿಗೆಯಷ್ಟು ದೊಡ್ಡ ಸಂಚಾರಿ ವಯೋಲೇಖಿ ಒಂದಿತ್ತು. ಹನ್ನೊಂದು ಭಾನುವಾರ ಅದನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟುಕೊಂಡು ಹಳಿಯಾಳದ ಕಡೆಯ ಸಿದ್ದಿ ಹಳ್ಳಿಗಳಿಗೆ ಹೋದೆ. ಮರ್ಸೆಲಿನ್ ಪ್ರತಿ ಸಲ ಜೊತೆಗೆ ಬಂದಳು. ಆಸ್ಪತ್ರೆಯಲ್ಲಿ ಹುಟ್ಟಿ, ತಾರೀಖು ಖಚಿತವಾಗಿರುವ ಮಕ್ಕಳನ್ನು ಮಾತ್ರ ಅಳೆಯಬೇಕಿತ್ತು. ಅಂಥ ಮನೆಗಳು ಅವಳಿಗೆ ಗೊತ್ತಿದ್ದವು. ಆದರೆ ಜನ ಕೈ ಇಡಲು ಹೆದರುತ್ತಿದ್ದರು.

“ಪೊಲೀಸರ ಮಶಿನ್ ಅಲ್ಲೇನು ಇದು?” ಎಂದು ಒಬ್ಬ ಅಜ್ಜಿ ಕೇಳಿದಳು.

ಮರ್ಸೆಲಿನ್ ಕೊಂಕಣಿಯಲ್ಲಿ ಅವಳಿಗೆ ಏನೋ ಹೇಳಿದಳು. ಅಜ್ಜಿ ನನ್ನನ್ನು ಒಂದು ಸಲ ನೋಡಿ, ಮೊಮ್ಮಗನ ಕೈ ಹಿಡಿದು ತಂದು ತಟ್ಟೆಯ ಮೇಲಿಟ್ಟಳು. ಏನು ಹೇಳಿದೆ ಎಂದು ಆಮೇಲೆ ಕಾರಿನಲ್ಲಿ ಕೇಳಿದೆ.

“ತಪ್ಪು ಮಾಡಿದಾಕಿ ಇಕೀನ, ಈಗ ತಿದ್ದಾಕ ಬಂದಾಳ ಅಂದೆ.”

ನಾನು ಮುಂದಿನ ಊರಿನ ಕಡೆ ಕಾರು ತಿರುಗಿಸಿದೆ.

ಈ ಹೊತ್ತಿಗೆ ವಿನಾಯಕ ಮನೆಯಲ್ಲಿದ್ದ. ಬಾಲನ್ಯಾಯ ಮಂಡಳಿ ಅವನಿಗೆ ಬುದ್ಧಿ ಹೇಳಿ, ಆರು ತಿಂಗಳು ವಾರಕ್ಕೊಂದು ದಿನ ಆಸ್ಪತ್ರೆಯಲ್ಲಿ ಸೇವೆ ಮಾಡಲು ಹಚ್ಚಿ ಕಳಿಸಿತ್ತು. ಅದು ಸರಿಯಾದ ತೀರ್ಪು. ಹದಿನೈದರ ಹುಡುಗನಿಗೆ ಹಾಗೆಯೇ ಆಗಬೇಕು. ಆದರೆ ಅವನ ಹೇಳಿಕೆ ಬದಲಾಗಿತ್ತು. ಕೈತಾನನಿಗೆ ಹತ್ತೊಂಬತ್ತು ಎಂದು ಗೊತ್ತಾದ ಮೇಲೆ ಕಥೆಗೆ ಹೊಸ ಆಕಾರ ಬಂತು: ದೊಡ್ಡವನೊಬ್ಬ ಸಣ್ಣ ಹುಡುಗನನ್ನು ಪುಸಲಾಯಿಸಿ ಬೈಕಿನ ಹಿಂದೆ ಕೂರಿಸಿಕೊಂಡು ಹೋದ. ರಸ್ತೆ ಕ್ಯಾಮೆರಾದಲ್ಲಿ ಎರಡು ಬೆನ್ನು ಮಾತ್ರ ಕಂಡಿದ್ದವು, ಅದೂ ಮಸುಕು. ಓಡಿಸಿದವನು ಕೈತಾನ್ ಎಂದಾಯಿತು. ಅಪಘಾತ ಎಂದಿದ್ದ ಆರೋಪ ಕೊಲೆಯಲ್ಲದ ನರಹತ್ಯೆ ಎಂದಾಯಿತು. ಜಾಮೀನು ಎರಡು ಸಲ ತಿರಸ್ಕೃತವಾಯಿತು.

ಉಚಿತ ಕಾನೂನು ನೆರವಿನಿಂದ ನೇಮಕವಾಗಿದ್ದ ವಕೀಲೆ ದಿಲ್‌ಶಾದ್ ಮುಲ್ಲಾ ನನಗೆ ಇದನ್ನೆಲ್ಲ ಬಿಡಿಸಿ ಹೇಳಿದರು. “ಮೇಡಂ, ಪೊಲೀಸ್ರು ಮೊದಲ ಹೇಳಿಕೀನ ಎಲ್ಲಿಟ್ಟಾರ ಅಂತ ಕೇಳಿದೆ. ಬರಿಯೂವಾಗ ಹೆಸರು ಅದಲಿ ಬದಲಿ ಆಗಿತ್ತು ಅಂತ ಹೇಳ್ತಾರ. ನಿಮ್ಮ ಅಂಕಿ ಬಂದ ಮ್ಯಾಲೆ ಎಲ್ಲಾರಿಗೂ ಹಂಗ ಅನಸಾಕತ್ತು.”

ಜೈಲಿನ ಸುದ್ದಿಯನ್ನು ಮರ್ಸೆಲಿನ್ ಒಂದೊಂದೇ ಮಾತಿನಲ್ಲಿ ಹೇಳುತ್ತಿದ್ದಳು, ಕಾರಿನ ಕಿಟಕಿಯಾಚೆ ನೋಡುತ್ತ. ಮೊದಲ ತಿಂಗಳು ಅವನು ಅಳುತ್ತಿದ್ದ. ಎರಡನೆಯ ತಿಂಗಳು ಹುಬ್ಬಿನ ಮೇಲೆ ಹೊಲಿಗೆ ಹಾಕಿದ್ದರು, ಬಿದ್ದೆ ಎಂದ. ನಾಲ್ಕನೆಯ ತಿಂಗಳು ಅಳುವುದು ನಿಂತಿತ್ತು. ದನಿ ಒಡೆದು ದಪ್ಪಗಾಗಿತ್ತು. ‘ಬ್ಯಾರಕಿನ್ಯಾಗ ನನ್ನ ಕರಿ ಪೈಲ್ವಾನ ಅಂತಾರ’ ಎಂದು ನಗುತ್ತ ಹೇಳಿದನಂತೆ.

“ಅಂವ ನಕ್ಕಿದ್ದು ನನಗ ಸೇರಲಿಲ್ಲರಿ ಅಕ್ಕಾರ,” ಎಂದಳು.

ನೂರಾ ಎಂಬತ್ತನಾಲ್ಕು ಮಕ್ಕಳ ಕೈ ಅಳೆದೆವು. ಚಿದಂಬರ ಎರಡು ರಜೆ ಕಳೆದುಕೊಂಡು ಲೆಕ್ಕ ಮಾಡಿಕೊಟ್ಟ. ಗಂಡುಮಕ್ಕಳಲ್ಲಿ ಯಂತ್ರ ಸರಾಸರಿ ಮೂರು ವರ್ಷ ಎರಡು ತಿಂಗಳು ಹೆಚ್ಚು ಹೇಳುತ್ತಿತ್ತು. ಅದರಲ್ಲಿ ಮೂಳೆ ತುಸು ಬೇಗ ಬಲಿಯುವುದರಿಂದ ಬಂದದ್ದು ಏಳೆಂಟು ತಿಂಗಳು. ಉಳಿದದ್ದೆಲ್ಲ ನಾವು ಕಲಿಸಿದ್ದು. ಬೇರೆ ಸಮುದಾಯಗಳ ಮಕ್ಕಳಲ್ಲಿ ಸರಾಸರಿ ತಪ್ಪು ಇಪ್ಪತ್ತು ದಿನ.

ಕಾಗದದ ಮೇಲಿನ ಅಂಕಿಗಳನ್ನು ಚಿದಂಬರ ಇನ್ನೊಮ್ಮೆ ಕೂಡಿಸಿ ನೋಡಿದ. “ಇಂಥವರು ಎಷ್ಟ ಮಂದಿ ಒಳಗದಾರ?” ಎಂದು ಕೇಳಿದ.

ಎಂಟು ವರ್ಷದಲ್ಲಿ ನಮ್ಮ ಒಂದು ಕೇಂದ್ರದಿಂದಲೇ ಅರವತ್ತೇಳು ಸಿದ್ದಿ ಹುಡುಗರು ಹೋಗಿದ್ದರು. ಅವರಲ್ಲಿ ಹದಿನೆಂಟರ ಒಳಗಿನವರು ಎಂದು ಬಂದದ್ದು ಇಬ್ಬರು. ಅದನ್ನು ಅವನಿಗೆ ಹೇಳಿದೆ. ಮೈಥಿಲಿ ಬಾಗಿಲಲ್ಲಿ ನಿಂತಿದ್ದಳು. ಅವಳು ನನ್ನನ್ನು ನೋಡಿದ ರೀತಿ ನನಗೆ ಇವತ್ತಿಗೂ ನೆನಪಿದೆ.

ವರದಿಯನ್ನು ನಿರ್ದೇಶಕರಿಗೆ, ಇಲಾಖೆಗೆ, ಹೈಕೋರ್ಟಿಗೆ ಕಳಿಸಿದೆ. ಪತ್ರಿಕೆಗೂ ಕೊಟ್ಟೆ. ಎರಡು ದಿನ ಗದ್ದಲವಾಯಿತು. ಬೆಂಗಳೂರಿನಿಂದ ಸಮಿತಿ ಬಂತು. ನನ್ನ ಲೆಕ್ಕದಲ್ಲಿ ಅವರಿಗೆ ಒಂದೂ ತಪ್ಪು ಸಿಗಲಿಲ್ಲ. ಹೊಸ ಕೈಗಳನ್ನು ಸೇರಿಸಿ ಯಂತ್ರಕ್ಕೆ ಮತ್ತೆ ಪಾಠ ಮಾಡಿ ಎಂದು ಕೇಳಿದೆ. ಎರಡೇ ತಿಂಗಳ ಕೆಲಸ ಅದು.

ಸಮಿತಿಯ ಅಧ್ಯಕ್ಷರು ಮೆಲ್ಲಗೆ ಹೇಳಿದರು: “ಮತ್ತೆ ಪಾಠ ಮಾಡಿದರೆ ಹಳೆಯದು ತಪ್ಪು ಅಂತ ಒಪ್ಪಿದ ಹಾಗೆ. ಇಡೀ ರಾಜ್ಯದ ಹಳೆಯ ಕೇಸೆಲ್ಲ ತೆರೆಯಬೇಕಾಗುತ್ತೆ. ಬೇರೆ ದಾರಿ ನೋಡೋಣ ಮೇಡಂ. ನಿಮ್ಮ ವರದಿ ವ್ಯರ್ಥ ಆಗೋಲ್ಲ.”

ವ್ಯರ್ಥವಾಗಲಿಲ್ಲ. ಆಗಸ್ಟ್ ತಿಂಗಳಲ್ಲಿ ಸುತ್ತೋಲೆ ಬಂತು. ನನ್ನ ಹೆಸರನ್ನೂ ವರದಿಯ ಸಂಖ್ಯೆಯನ್ನೂ ಮೊದಲ ಸಾಲಿನಲ್ಲೇ ಹಾಕಿದ್ದರು. ‘ಸದರಿ ವರದಿಯ ಹಿನ್ನೆಲೆಯಲ್ಲಿ, ಸಿದ್ದಿ ಸಮುದಾಯದ ಆರೋಪಿಗಳ ವಿಷಯದಲ್ಲಿ ಯಂತ್ರವು ಇನ್ನು ಮುಂದೆ ನಿರ್ಣಯ ಅಸಾಧ್ಯ ಎಂದು ನಮೂದಿಸತಕ್ಕದ್ದು. ಅಂಥ ಪ್ರಕರಣಗಳಲ್ಲಿ ತನಿಖಾಧಿಕಾರಿಯು ದೈಹಿಕ ಲಕ್ಷಣಗಳನ್ನು ಗಮನಿಸಿ ಅಂದಾಜಿಸಿದ ವಯಸ್ಸನ್ನು ಹಾಗೂ ಆರೋಪಿಯ ಸ್ವಂತ ಹೇಳಿಕೆಯನ್ನು ನ್ಯಾಯಾಲಯವು ಪರಿಗಣಿಸತಕ್ಕದ್ದು.’

ಎರಡು ಸಲ ಓದಿದೆ. ಪೊಲೀಸರ ಕಣ್ಣಳತೆಯನ್ನು ಯಂತ್ರದಿಂದ ಹೊರಗೆ ತೆಗೆಯಬೇಕೆಂದು ನಾನು ಹೊರಟಿದ್ದೆ. ಅವರು ಯಂತ್ರವನ್ನು ಬದಿಗಿಟ್ಟು ಕಣ್ಣಳತೆಯನ್ನು ಉಳಿಸಿಕೊಂಡಿದ್ದರು. ಜನನಪತ್ರ, ಶಾಲೆಯ ದಾಖಲೆ ಈಗಲೂ ನಡೆಯುವಂತಿರಲಿಲ್ಲ.

ಪಟ್ಟಣಶೆಟ್ಟಿಯವರ ಕೋಣೆಗೆ ಹೋಗಿ ಸುತ್ತೋಲೆಯನ್ನು ಮೇಜಿನ ಮೇಲಿಟ್ಟೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ನೀವು ಕೇಳಿದ್ದ ಇದ ಅಲ್ಲೇನ್ರಿ? ಮಶಿನ್ ತಪ್ಪು ಹೇಳ್ತೈತಿ ಅಂದ್ರಿ. ಇನ್ನ ಮ್ಯಾಲೆ ಹೇಳೂದಿಲ್ಲ.”

ದಿಲ್‌ಶಾದ್ ಮಾತ್ರ ಧೈರ್ಯಗೆಡಲಿಲ್ಲ. “ಆರೋಪಿಯ ಸ್ವಂತ ಹೇಳಿಕೆ ಅಂತ ಐತೆಲ್ರಿ, ಅಷ್ಟ ಸಾಕು,” ಎಂದರು. “ಹುಡುಗ ಜಡ್ಜ್ ಮುಂದ ನಿಂತು, ನನಗ ಆವಾಗ ಹದಿನೈದು ಅಂತ ಹೇಳ್ಲಿ. ನಿಮ್ಮ ನೂರಾ ಎಂಬತ್ತನಾಲ್ಕು ಮಕ್ಕಳ ಲೆಕ್ಕ ನಾ ಮುಂದಿಡ್ತೀನಿ. ಈ ಜಡ್ಜ್ ಸಾಹೇಬ್ರು ಕೇಳೂ ಮನುಷ್ಯಾ.”

ಸೆಪ್ಟೆಂಬರ್‌ನಲ್ಲಿ ವಿಚಾರಣೆ ಬಂತು. ನಾನು, ಮರ್ಸೆಲಿನ್ ಹಿಂದಿನ ಬೆಂಚಿನಲ್ಲಿ ಕೂತಿದ್ದೆವು. ಕೈತಾನನನ್ನು ಹತ್ತು ತಿಂಗಳ ಮೇಲೆ ನೋಡುತ್ತಿದ್ದೆ. ನಿಜವಾದ ಲೆಕ್ಕದಲ್ಲಿ ಆಗ ಅವನಿಗೆ ಹದಿನಾರು ತುಂಬಿ ಒಂದು ತಿಂಗಳು. ತಲೆ ಬೋಳಿಸಿದ್ದರು. ಹುಬ್ಬಿನ ಮೇಲೆ ಗಾಯದ ಗೆರೆ. ನಿಲ್ಲುವ ರೀತಿಯೇ ಬದಲಾಗಿತ್ತು. ಕಾಲು ಅಗಲಿಸಿ, ಎದೆ ಮುಂದೆ ಮಾಡಿ, ಯಾರ ಕಣ್ಣನ್ನೂ ನೋಡದೆ ನಿಂತಿದ್ದ.

ತನಿಖಾಧಿಕಾರಿ ತನ್ನ ಅಂದಾಜು ಹೇಳಿದ: ಅಪರಾಧದ ದಿನ ಹತ್ತೊಂಬತ್ತರಿಂದ ಇಪ್ಪತ್ತು. ದಿಲ್‌ಶಾದ್ ಎದ್ದು ನನ್ನ ವರದಿ ಓದಿದರು. ನ್ಯಾಯಾಧೀಶರು ನಿಜವಾಗಿಯೂ ಕೇಳಿದರು. ಎರಡು ಕಡೆ ನಿಲ್ಲಿಸಿ ಪ್ರಶ್ನೆ ಹಾಕಿದರು. ಆಮೇಲೆ ಕನ್ನಡಕವನ್ನು ಮೂಗಿನ ತುದಿಗೆ ಸರಿಸಿ ಹುಡುಗನ ಕಡೆ ತಿರುಗಿದರು. ಅವರ ದನಿ ಮೆತ್ತಗಿತ್ತು.

“ನಿನ್ನ ವಯಸ್ಸೆಷ್ಟಪ್ಪ? ಹೆದರಬೇಡ. ನಿನಗೆ ಗೊತ್ತಿರೋದನ್ನ ಹೇಳು.”

ಕೈತಾನ್ ತಡಮಾಡಲಿಲ್ಲ. “ಹತ್ತೊಂಬತ್ತು ಮುಗದು ಇಪ್ಪತ್ತು ನಡದೈತ್ರಿ ಸಾಹೇಬ್ರ.”

ದಿಲ್‌ಶಾದ್ ಅವನ ಕಡೆ ಎರಡು ಹೆಜ್ಜೆ ಇಟ್ಟರು. “ಕೈತಾನ್, ಸರಿಯಾಗಿ ವಿಚಾರ ಮಾಡಿ ಹೇಳು. ಯಾರರ ನಿನಗ ಹಿಂಗ ಹೇಳು ಅಂದಾರೇನು?”

“ಇಲ್ರಿ. ಹತ್ತೊಂಬತ್ತು ಮುಗದೈತಿ.”

ಮರ್ಸೆಲಿನ್ ಎದ್ದು ನಿಂತಳು. ಪೇದೆಯೊಬ್ಬ ಕೈಸನ್ನೆ ಮಾಡಿ ಕೂರಿಸಿದ. ನ್ಯಾಯಾಧೀಶರು ಸ್ವಲ್ಪ ಹೊತ್ತು ಹುಡುಗನನ್ನೇ ನೋಡಿದರು, ಬೆರಳಚ್ಚುಗಾರನಿಗೆ ಬರೆದುಕೊಳ್ಳಲು ಹೇಳಿದರು.

ವ್ಯಾನ್ ಹತ್ತಿಸುವ ಮೊದಲು ಎರಡು ನಿಮಿಷ ಮಾತಾಡಲು ಬಿಟ್ಟರು. ನಾನು ನಾಲ್ಕು ಹೆಜ್ಜೆ ಹಿಂದೆ ನಿಂತಿದ್ದೆ, ಮಾತು ಕೇಳುತ್ತಿತ್ತು.

“ಯಾಕೋ ಮಗನ? ಯಾಕ ಹಂಗಂದಿ? ಒಂದ ಮಾತು, ಹದಿನೈದು ಅಂದಿದ್ರ ಸಾಕಾಗಿತ್ತಲ್ಲ.”

ಅವನು ತಾಯಿಯನ್ನು ನೋಡಲಿಲ್ಲ. “ಠಾಣೇದಾಗ ಹದಿನೈದು ಅಂದೆ, ಸುಳ್ಳ ಹೇಳ್ತಿ ಅಂತ ಹೊಡದ್ರು. ಜೈಲಿನ್ಯಾಗ ಹೆಸರು ಬರಿಸೂವಾಗ ಅಂದೆ, ಅಲ್ಲೂ ಹೊಡದ್ರು. ಬ್ಯಾರಕಿನ್ಯಾಗ ಅಂದೆ. ಹುಡುಗ ಅಂತ ಗೊತ್ತಾದ್ರ ಅಲ್ಲಿ ಏನ ಮಾಡ್ತಾರ ನಿನಗ ಹೇಳಾಕ ಬರೂದಿಲ್ಲವ್ವಾ. ಆವಾಗಿಂದ ಹತ್ತೊಂಬತ್ತು ಅಂತೀನಿ. ಯಾರೂ ಮುಟ್ಟೂದಿಲ್ಲ.”

“ಇದು ಕೋರ್ಟೋ. ಜೈಲಲ್ಲ.”

“ಸಂಜೀಕ ಮತ್ತ ಅಲ್ಲೇ ಹೋಗಬೇಕಲ್ಲ.”

ಅಕ್ಟೋಬರ್‌ನಲ್ಲಿ ತೀರ್ಪು ಬಂತು. ತನಿಖಾಧಿಕಾರಿಯ ಅಂದಾಜೂ ಆರೋಪಿಯ ಹೇಳಿಕೆಯೂ ಹೊಂದಿಕೊಂಡಿರುವುದರಿಂದ ವಯಸ್ಸಿನ ಬಗ್ಗೆ ಸಂಶಯಕ್ಕೆ ಆಸ್ಪದವಿಲ್ಲ. ಏಳು ವರ್ಷ. ತೀರ್ಪಿನ ಪ್ರತಿ ನನ್ನ ಕೈಗೆ ಸಿಕ್ಕ ದಿನ ನಾನು ಕೇಂದ್ರಕ್ಕೆ ರಾಜೀನಾಮೆ ಕೊಟ್ಟೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ. ನನ್ನ ಜಾಗಕ್ಕೆ ಹದಿನೈದು ದಿನದಲ್ಲಿ ಇನ್ನೊಬ್ಬರು ಬಂದರು.

ತೀರ್ಪಿನ ದಿನವೇ ಕೋರ್ಟಿನ ಮೆಟ್ಟಿಲ ಬಳಿ ಮರ್ಸೆಲಿನ್‌ಗೆ ಹೇಳಿದ್ದೆ: “ಹೈಕೋರ್ಟಿಗೆ ಹೋಗೂಣು. ದಿಲ್‌ಶಾದ್ ಅರ್ಜಿ ತಯಾರ ಮಾಡ್ಯಾರ. ನಾ ಸಾಕ್ಷಿ ಹೇಳ್ತೀನಿ.”

“ಹೋಗೂಣ್ರಿ,” ಎಂದಳು. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. “ಆದ್ರ ಅಲ್ಲೀನೂ ಅವನ್ನ ಕೇಳ್ತಾರ. ಮೊದಲ ಅವಂಗ ಹದಿನಾರು ಅಂತ ಅವನ್ನ ಒಪ್ಪಸಬೇಕು.”

ಈಗ ಪ್ರತಿ ಮಂಗಳವಾರ ಮಧ್ಯಾಹ್ನ ನಾವಿಬ್ಬರೂ ಜೈಲಿಗೆ ಹೋಗುತ್ತೇವೆ. ಭೇಟಿಗೆ ಇಪ್ಪತ್ತು ನಿಮಿಷ. ನಡುವೆ ಎರಡು ಜಾಲರಿ, ಅವುಗಳ ಮಧ್ಯೆ ಒಂದು ಮಾರು ಜಾಗ. ಎರಡೂ ಕಡೆ ಹತ್ತಾರು ಜನ ಕೂಗಿ ಮಾತಾಡುತ್ತಾರೆ. ಮರ್ಸೆಲಿನ್ ಆ ಗದ್ದಲದಲ್ಲಿ ಮಗನಿಗೆ ಅವನ ಬಾಳನ್ನು ಮೊದಲಿನಿಂದ ಹೇಳುತ್ತಾಳೆ, ವಾರಕ್ಕೊಂದು ವರ್ಷ. ನೀರು ಏರಿದ್ದು, ದೋಣಿಯಲ್ಲಿ ದಾಟಿಸಿದ್ದು, ಶಾಲೆಯ ಎರಡನೇ ಕೋಣೆಯಲ್ಲಿ ಗೋಣಿತಾಟಿನ ಮೇಲೆ ಅವನು ಹುಟ್ಟಿದ್ದು. ಮರುವರ್ಷ ನಡೆಯಲು ಕಲಿತದ್ದು. ಮೂರನೆಯ ವರ್ಷ ಕೋಳಿಯನ್ನು ಬಾವಿಗೆ ಹಾಕಿದ್ದು. ಲೂಸಿ ಹುಟ್ಟಿದಾಗ ಅವಳನ್ನು ವಾಪಸು ಕೊಟ್ಟು ಬಾ ಎಂದು ಹಟ ಹಿಡಿದದ್ದು, ಆಗ ಅವನಿಗೆ ಐದು. ನಾನು ಪಕ್ಕದಲ್ಲಿ ನಿಂತು ಬರೆದುಕೊಳ್ಳುತ್ತೇನೆ. ಅರ್ಜಿಗೆ ಬೇಕಾದೀತು.

ಮೊದಮೊದಲು ಅವನು ಕೇಳಿಸಿಕೊಳ್ಳುತ್ತಿರಲಿಲ್ಲ. ಆ ಕಡೆ ಈ ಕಡೆ ನೋಡುತ್ತಿದ್ದ. ಬ್ಯಾರಕಿನವರು ಯಾರ ಕಿವಿಗಾದರೂ ಬಿದ್ದೀತೆಂಬ ಭಯ. ಐದನೆಯ ವಾರ ಜಾಲರಿಗೆ ಮುಖ ಒತ್ತಿ, ದನಿ ತಗ್ಗಿಸಿ, “ಕೋಳಿ ಸತ್ತಿತ್ತೇನವ್ವಾ?” ಎಂದು ಕೇಳಿದ.

“ಇಲ್ಲೋ. ನಿನ್ನ ಅಪ್ಪ ಬುಟ್ಟಿ ಬಿಟ್ಟು ತಗದ. ಒಂದ ವಾರ ಅದು ನಿನ್ನ ಕಂಡ್ರ ಓಡತಿತ್ತು.”

ಅವನು ನಕ್ಕ. ಮುಖ ಒಮ್ಮೆಲೆ ಸಣ್ಣದಾಯಿತು. ಮರ್ಸೆಲಿನ್ ಜಾಲರಿಯನ್ನು ಗಟ್ಟಿಯಾಗಿ ಹಿಡಿದು, “ಆವಾಗ ನಿನಗ ಎಷ್ಟು? ಎಣಿಸು. ಅಲ್ಲಿಂದ ಎಣಿಸ್ಕೋತ ಬಾ,” ಎಂದಳು.

ಅವನು ಬೆರಳು ಮಡಿಸತೊಡಗಿದ. ತುಟಿ ಅಲುಗುತ್ತಿತ್ತು. ಅಷ್ಟರಲ್ಲಿ ಹೊತ್ತು ಮುಗಿಯಿತೆಂದು ಗಂಟೆ ಬಾರಿಸಿದರು. ಅವನು ಕೈ ಕೆಳಗೆ ಬಿಟ್ಟು, ಎದೆ ಮುಂದೆ ಮಾಡಿ, ಸಾಲಿನಲ್ಲಿ ಹೋಗಿ ನಿಂತ. ಒಳಬಾಗಿಲಲ್ಲಿ ಕೂತಿದ್ದ ಜವಾನ ತಲೆ ಎತ್ತದೆ ಒಬ್ಬೊಬ್ಬರ ಹೆಸರು, ವಯಸ್ಸು ಕೇಳಿ ಬರೆದುಕೊಳ್ಳುತ್ತಿದ್ದ.

“ಕೈತಾನ್ ಸಿದ್ದಿ,” ಎನ್ನುವುದು ನಮಗೆ ಕೇಳಿಸಿತು. “ಇಪ್ಪತ್ತು.”